ಮೊಣಕೈ ನರಕ್ಕೆ ಆಪರೇಷನ್: ಈಗಲೇ ಮಾಡಿಸಬೇಕೆ, ಇನ್ನೂ ಕಾಯಬಹುದೆ?

ಓದುಗರ ಪ್ರಶ್ನೆ: ಏಳೆಂಟು ತಿಂಗಳಿಂದ ಬಲಗೈ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿವೆ. ರಾತ್ರಿ ಎಚ್ಚರವಾಗಿ ಕೈ ಕೊಡವಿಕೊಳ್ಳುತ್ತೇನೆ. ಈಚೆಗೆ ಹಿಡಿದ ವಸ್ತು ಕೈಯಿಂದ ಜಾರಿ ಬೀಳುತ್ತಿದೆ. ಮೊಣಕೈ ಹತ್ತಿರ ನರ ಒತ್ತಿಕೊಂಡಿದೆ, ಆಪರೇಷನ್ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ನೋವು ಅಷ್ಟೇನೂ ಇಲ್ಲ. ಇನ್ನೊಂದಷ್ಟು ದಿನ ಕಾದು ನೋಡಬಹುದೆ? ಮಾಡಿಸಿದರೆ ಕೈ ಮೊದಲಿನಂತಾಗುತ್ತದೆಯೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಮಾತು ಅಕ್ಕಪಕ್ಕದಲ್ಲೇ ಇವೆ. ಹಿಡಿದದ್ದು ಜಾರುತ್ತಿದೆ, ಆದರೆ ನೋವಿಲ್ಲ. ಬಹಳಷ್ಟು ಜನ ಎರಡನೆಯದರಲ್ಲಿ ಸಮಾಧಾನ ಕಂಡುಕೊಂಡು ಮೊದಲನೆಯದನ್ನು ಮರೆತುಬಿಡುತ್ತಾರೆ. ಈ ಕಾಯಿಲೆಯಲ್ಲಿ ನೋವನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಕೈಯ ಬಲ ಕುಗ್ಗಿ ಸ್ನಾಯು ಸವೆದುಹೋಗುವವರೆಗೂ ನೋವೇ ಕಾಣಿಸಿಕೊಳ್ಳದೆ ಇರಬಹುದು. ಕಾಯಬೇಕೋ ಬೇಡವೋ ಎಂಬುದನ್ನು ಹೇಳುವುದು ಅಂಗೈಯ ಸಣ್ಣ ಸ್ನಾಯುಗಳು.

ಇಲ್ಲಿ ಸಿಕ್ಕಿಕೊಂಡಿರುವುದು ಅಲ್ನಾರ್ ನರ. ಕತ್ತಿನ ಕೆಳಭಾಗದಿಂದ ಹೊರಟು, ತೋಳಿನ ಒಳಮಗ್ಗುಲಲ್ಲಿ ಇಳಿದು, ಮೊಣಕೈಯ ಒಳಗಡೆ ಉಬ್ಬಿರುವ ಮೂಳೆಯ ಹಿಂದಿನಿಂದ ಮುಂಗೈಗೆ ಹೋಗುತ್ತದೆ. ಮೊಣಕೈ ಎಲ್ಲಾದರೂ ತಗುಲಿದಾಗ ಕಿರುಬೆರಳಿನ ತನಕ ಕರೆಂಟ್ ಹೊಡೆದಂತಾಗುತ್ತದಲ್ಲ, ಅದು ಇದೇ ನರ. ಆ ಜಾಗದಲ್ಲಿ ಅದಕ್ಕೆ ಮೇಲೆ ಚರ್ಮ, ಕೆಳಗೆ ಮೂಳೆ, ನಡುವೆ ಒಂದು ಗಟ್ಟಿ ಪಟ್ಟಿ ಬಿಟ್ಟರೆ ಬೇರೆ ರಕ್ಷಣೆ ಇಲ್ಲ. ಆ ಇಕ್ಕಟ್ಟಾದ ದಾರಿಯೇ ಕ್ಯುಬಿಟಲ್ ಟನಲ್. ಮೊಣಕೈ ಮಡಚಿದಾಗಲೆಲ್ಲ ದಾರಿ ಕಿರಿದಾಗುತ್ತದೆ, ನರವೂ ಎಳೆದುಕೊಳ್ಳುತ್ತದೆ. ಮಲಗಿದಾಗ ಕೈ ಮಡಚಿ ತಲೆಯ ಕೆಳಗೆ ಇಟ್ಟುಕೊಳ್ಳುವವರಿಗೆ ರಾತ್ರಿಯೇ ಕಾಟ ಹೆಚ್ಚು ಎಂಬುದು ಇದರಿಂದಲೇ. ಕೈಯಲ್ಲಿ ನರ ಒತ್ತಿಕೊಳ್ಳುವ ತೊಂದರೆಗಳಲ್ಲಿ ಮಣಿಕಟ್ಟಿನ ಕಾರ್ಪಲ್ ಟನಲ್ ಬಿಟ್ಟರೆ ಅತಿ ಸಾಮಾನ್ಯವಾದದ್ದು ಇದು.

ಈ ನರ ಎರಡು ಕೆಲಸ ಮಾಡುತ್ತದೆ. ಕಿರುಬೆರಳಿಗೂ ಉಂಗುರ ಬೆರಳಿನ ಅರ್ಧಕ್ಕೂ ಸ್ಪರ್ಶ ಕೊಡುವುದು ಒಂದು. ಬೆರಳುಗಳನ್ನು ಅಗಲಿಸಿ ಕೂಡಿಸುವ, ಹೆಬ್ಬೆರಳಿನಿಂದ ಬಿಗಿಯಾಗಿ ಒತ್ತಿ ಹಿಡಿಯುವ ಸಣ್ಣ ಸ್ನಾಯುಗಳನ್ನು ನಡೆಸುವುದು ಇನ್ನೊಂದು. ಗುಂಡಿ ಹಾಕುವುದು, ಬೀಗದಲ್ಲಿ ಕೀಲಿ ತಿರುಗಿಸುವುದು, ಪೆನ್ನು ಹಿಡಿಯುವುದು ಎಲ್ಲ ಆ ಸ್ನಾಯುಗಳ ಮೇಲೇ ನಿಂತಿದೆ. ಜೋಮಿನ ಜೊತೆ ಬದುಕಬಹುದು. ಈ ಹಿಡಿತ ಹೋದರೆ ದಿನದ ಪ್ರತಿಯೊಂದು ಕೆಲಸದಲ್ಲೂ ಅಡ್ಡಿ.

ಕಾಯುವುದಕ್ಕೆ ಏಕೆ ಮಿತಿ ಇದೆ ಎಂಬುದಕ್ಕೆ ಒಂದು ಲೆಕ್ಕವಿದೆ, ನಿಮ್ಮ ನಿರ್ಧಾರಕ್ಕೆ ಇದೇ ಬುನಾದಿ. ನರವನ್ನು ಒಂದು ವೈರ್ ಎಂದುಕೊಳ್ಳಿ. ಒತ್ತಡದಿಂದ ಮೊದಲು ಹಾಳಾಗುವುದು ಹೊರಗಿನ ಹೊದಿಕೆ. ಆ ಹಂತದಲ್ಲೇ ಒತ್ತಡ ತೆಗೆದರೆ ಕೆಲವೇ ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಒತ್ತಡ ಮುಂದುವರಿದರೆ ಒಳಗಿನ ತಂತಿಗಳೇ ಸಾಯತೊಡಗುತ್ತವೆ. ಸತ್ತ ತಂತು ಒತ್ತಡ ಬಿದ್ದ ಜಾಗದಿಂದ ಮತ್ತೆ ಬೆಳೆದು ಬರಬೇಕು, ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕೈಯಿಂದ ಅಂಗೈಯ ಸ್ನಾಯುಗಳಿಗೆ 25–30 ಸೆಂಟಿಮೀಟರ್ ದೂರ ಎಂದಿಟ್ಟುಕೊಂಡರೂ ಎಂಟು–ಹತ್ತು ತಿಂಗಳ ಪ್ರಯಾಣ. ಅತ್ತ ನರದ ಸಂಪರ್ಕ ಕಳೆದುಕೊಂಡ ಸ್ನಾಯು ಎಷ್ಟು ಕಾಲವಾದರೂ ಕಾಯುವುದಿಲ್ಲ. ಒಂದರಿಂದ ಒಂದೂವರೆ ವರ್ಷ ದಾಟಿದರೆ ನರ ಬಂದು ತಲುಪಿದರೂ ಸ್ಪಂದಿಸುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ. ಎರಡನ್ನೂ ಕೂಡಿಸಿ ನೋಡಿ: ಸ್ನಾಯು ಸವೆಯಲು ಶುರುವಾದ ಮೇಲೆ ಕೈಯಲ್ಲಿ ಉಳಿಯುವ ಸಮಯ ಬಹಳ ಕಡಿಮೆ.

ಹಾಗಾದರೆ ನಿಮ್ಮ ಕೈ ಯಾವ ಹಂತದಲ್ಲಿದೆ? ಪೂರ್ತಿ ಉತ್ತರ ಡಾಕ್ಟರ ಪರೀಕ್ಷೆಯಿಂದಲೇ ಸಿಗಬೇಕು, ಆದರೆ ಕೆಲವನ್ನು ಮನೆಯಲ್ಲೇ ಗಮನಿಸಬಹುದು. ಎರಡೂ ಕೈಯನ್ನು ಅಂಗೈ ಕೆಳಮುಖವಾಗಿ ಮೇಜಿನ ಮೇಲಿಟ್ಟು ಹೆಬ್ಬೆರಳು–ತೋರುಬೆರಳ ನಡುವಿನ ಮಾಂಸಲ ಜಾಗ ನೋಡಿ. ಒಂದು ಕೈಯಲ್ಲಿ ಅಲ್ಲಿ ಹಳ್ಳ ಬಿದ್ದಿದ್ದರೆ ಸ್ನಾಯು ಸವೆದಿದೆ ಎಂದೇ ಅರ್ಥ. ಒಂದು ಕಾಗದವನ್ನು ಎರಡೂ ಕೈಯ ಹೆಬ್ಬೆರಳು ಮತ್ತು ತೋರುಬೆರಳ ಪಕ್ಕಕ್ಕೆ ಸಿಕ್ಕಿಸಿ ಎರಡು ಕಡೆಗೂ ಎಳೆಯಿರಿ. ನರ ಸೋತ ಕೈಯ ಹೆಬ್ಬೆರಳು ನೇರವಾಗಿ ಒತ್ತಲಾಗದೆ ತುದಿಯ ಗೆಣ್ಣಿನಲ್ಲಿ ಮಡಚಿಕೊಳ್ಳುತ್ತದೆ. ಫ್ರಾನ್ಸಿನ ನರವೈದ್ಯ ಜೂಲ್ಸ್ ಫ್ರೊಮಾಂ 1915ರಲ್ಲಿ ವಿವರಿಸಿದ ಈ ಪರೀಕ್ಷೆಯನ್ನು ಡಾಕ್ಟರುಗಳು ಇಂದಿಗೂ ಮೊದಲಿಗೇ ಮಾಡುತ್ತಾರೆ. ಕಿರುಬೆರಳು ತಾನಾಗಿ ಪಕ್ಕಕ್ಕೆ ಸರಿದು ನಿಂತು ಜೇಬಿಗೆ ಕೈ ಹಾಕುವಾಗ ಸಿಕ್ಕಿಕೊಳ್ಳುವುದು ಇನ್ನೊಂದು ಲಕ್ಷಣ.

ಜೋಮು ಬಂದು ಹೋಗುತ್ತಿದೆ, ಬಲ ಚೆನ್ನಾಗಿದೆ ಎನ್ನುವವರು ಆರು ವಾರದಿಂದ ಮೂರು ತಿಂಗಳು ಆಪರೇಷನ್ ಇಲ್ಲದೆ ಪ್ರಯತ್ನಿಸುವುದು ಖಂಡಿತ ಸರಿ. ಇಂಥವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅಷ್ಟರಲ್ಲೇ ಕಡಿಮೆಯಾಗುತ್ತದೆ. ಮೊಣಕೈಯನ್ನು ಮೇಜಿಗೋ ಕುರ್ಚಿಯ ಕೈಗೋ ಊರುವುದನ್ನು ಬಿಡಬೇಕು, ಫೋನನ್ನು ಕಿವಿಗೆ ಹಿಡಿದು ಗಂಟೆಗಟ್ಟಲೆ ಮಾತಾಡುವುದನ್ನು ಬಿಡಬೇಕು. ರಾತ್ರಿ ಮೊಣಕೈ ಪೂರ್ತಿ ಮಡಚದಂತೆ ಸ್ಪ್ಲಿಂಟ್ ಹಾಕಿಕೊಳ್ಳಬೇಕು. ಅದು ಸಿಗದಿದ್ದರೆ ಮೊಣಕೈ ಸುತ್ತ ಟವೆಲ್ ಸುತ್ತಿ ಕಟ್ಟಿಕೊಂಡರೂ ನಡೆಯುತ್ತದೆ. ಇದನ್ನು ಎರಡು ರಾತ್ರಿ ಮಾಡಿ ಪ್ರಯೋಜನವಿಲ್ಲ ಎಂದು ಬಿಟ್ಟವರು ಪ್ರಯತ್ನಿಸಿದಂತಾಗಲಿಲ್ಲ. ಸ್ಟೆರಾಯ್ಡ್ ಇಂಜೆಕ್ಷನ್ ಮಣಿಕಟ್ಟಿನ ತೊಂದರೆಗೆ ಕೆಲಸ ಮಾಡಿದಷ್ಟು ಇಲ್ಲಿ ಮಾಡುವುದಿಲ್ಲ.

ನಿಮ್ಮ ಪರಿಸ್ಥಿತಿ ಇದಕ್ಕಿಂತ ಮುಂದೆ ಹೋಗಿದೆ ಎಂದು ನನಗನ್ನಿಸುತ್ತದೆ. ವಸ್ತುಗಳು ಜಾರುತ್ತಿವೆ ಎಂದರೆ ಬಲ ತಗ್ಗಿರುವ ಸಾಧ್ಯತೆ ಇದೆ. 1950ರಲ್ಲಿ ಮೆಕ್‌ಗೋವನ್ ಎಂಬ ವೈದ್ಯರು ಮಾಡಿದ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ: ಬರೀ ಸ್ಪರ್ಶದ ತೊಂದರೆ ಮೊದಲನೆಯ ಹಂತ, ಬಲಹೀನತೆ ಎರಡನೆಯದು, ಸ್ನಾಯು ಪೂರ್ತಿ ಸೊರಗಿದರೆ ಮೂರನೆಯದು. ಎರಡನೆಯದಕ್ಕೆ ಕಾಲಿಟ್ಟವರಿಗೆ ಕಾದು ನೋಡಿ ಎಂದು ನಾನು ಹೇಳಲಾರೆ. ಎರಡರಿಂದ ಮೂರಕ್ಕೆ ಜಾರಿದ ಮೇಲೆ ಆಪರೇಷನ್ ಎಷ್ಟೇ ಚೆನ್ನಾಗಿ ಆದರೂ ಕೈ ಪೂರ್ತಿ ಮರಳುವುದು ಅಪರೂಪ.

ಚಾಕು ಇಡುವ ಮೊದಲು ಒಂದು ವಿಷಯ ಖಚಿತವಾಗಬೇಕು: ಒತ್ತಡ ಇರುವುದು ಮೊಣಕೈಯಲ್ಲೇ ತಾನೆ? ಕತ್ತಿನ ಮೂಳೆಗಳ ನಡುವೆ ನರದ ಬೇರು ಒತ್ತಿಕೊಂಡರೂ ಇದೇ ಬೆರಳುಗಳು ಜೋಮು ಹಿಡಿಯುತ್ತವೆ. ಮಣಿಕಟ್ಟಿನಲ್ಲಿ ಒತ್ತಿಕೊಂಡರೂ ಅಷ್ಟೇ. ಒಂದು ಸುಳಿವಿದೆ. ಕಿರುಬೆರಳಿನ ಜೊತೆ ಅದೇ ಮಗ್ಗುಲಿನ ಮೇಲಂಗೈಯೂ (ಅಂಗೈಯ ಹಿಂಬದಿ) ಮರಗಟ್ಟಿದ್ದರೆ ತೊಂದರೆ ಮಣಿಕಟ್ಟಿಗಿಂತ ಮೇಲಿದೆ, ಏಕೆಂದರೆ ಮೇಲಂಗೈಗೆ ಹೋಗುವ ಕವಲು ಮಣಿಕಟ್ಟಿಗೆ ಮೊದಲೇ ಒಡೆದುಕೊಂಡಿರುತ್ತದೆ. ಮುಂದೋಳಿನ ಒಳಮಗ್ಗುಲೂ ಮರಗಟ್ಟಿದ್ದರೆ ಮೊಣಕೈಯನ್ನು ಬಿಟ್ಟು ಕತ್ತಿನ ಕಡೆ ನೋಡಬೇಕು. ಮಧುಮೇಹ, ಬಿ12 ಕೊರತೆ, ಮದ್ಯಪಾನದ ಚಟಗಳೂ ನರವನ್ನು ಬಡವಾಗಿಸುತ್ತವೆ. ಮೊಣಕೈ ಬಳಿ ನರ ಹಗ್ಗದಂತೆ ದಪ್ಪವಾಗಿ ಕೈಗೆ ಸಿಕ್ಕಿದರೆ ಕುಷ್ಠರೋಗದ ಪರೀಕ್ಷೆ ಆಗಲೇಬೇಕು. ಅದು ಈ ನರವನ್ನು ಹಿಡಿಯುವ ರೋಗ, ಔಷಧಿಯಿಂದ ವಾಸಿಯಾಗುವಂಥದ್ದು. ಬಾಲ್ಯದಲ್ಲಿ ಮೊಣಕೈ ಮೂಳೆ ಮುರಿದಿದ್ದರೆ ಅದನ್ನೂ ಹೇಳಿ. ವಾಲಿಕೊಂಡು ಕೂಡಿದ ಮೂಳೆ ಎಷ್ಟೋ ವರ್ಷಗಳ ಮೇಲೆ ನರವನ್ನು ಕಾಡಬಹುದು.

ನರದಲ್ಲಿ ಸಂಕೇತ ಎಷ್ಟು ವೇಗವಾಗಿ ಹರಿಯುತ್ತದೆ ಎಂದು ಅಳೆಯುವ ಎನ್‌ಸಿಎಸ್ ಪರೀಕ್ಷೆಯಲ್ಲಿ ಮೊಣಕೈ ದಾಟುವಾಗ ಸೆಕೆಂಡಿಗೆ 50 ಮೀಟರ್‌ಗಿಂತ ಕಡಿಮೆ ಬಂದರೆ ಒತ್ತಡ ಅಲ್ಲೇ ಇದೆ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಜೊತೆಗೆ ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡುವ ಇಎಂಜಿ ಪರೀಕ್ಷೆ ಮಾಡಿದರೆ ಸ್ನಾಯುವಿಗೆ ಹಾನಿಯಾಗಿದೆಯೇ ಎಂಬುದು ತಿಳಿಯುತ್ತದೆ. ಇವೆರಡೂ ಇಲ್ಲದೆ ಆಪರೇಷನ್‌ಗೆ ಹೊರಟಿದ್ದರೆ ಏಕೆ ಬೇಡವೆಂದರು ಎಂದು ಕೇಳಿ. ಆರಂಭದ ಹಂತದಲ್ಲಿ ಪರೀಕ್ಷೆ ಸರಿಯಾಗಿ ಬಂದರೂ ಕಾಯಿಲೆ ಇರಬಹುದು, ಹಾಗಾಗಿ ವರದಿಯೊಂದನ್ನೇ ನೆಚ್ಚಿ ಕೂರುವುದೂ ಬೇಡ.

ಆಪರೇಷನ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಮೇಲಿನ ಬಿಗಿ ಪಟ್ಟಿಯನ್ನು ಬಿಡಿಸಿ ನರವನ್ನು ಇದ್ದಲ್ಲೇ ಬಿಡುವುದು ಒಂದು. ನರವನ್ನು ಮೂಳೆಯ ಹಿಂದಿನಿಂದ ಎತ್ತಿ ಮುಂದಕ್ಕೆ, ಚರ್ಮದಡಿ ಅಥವಾ ಸ್ನಾಯುವಿನಡಿ ಇಡುವುದು ಇನ್ನೊಂದು. 1898ರಷ್ಟು ಹಿಂದೆಯೇ ವರದಿಯಾದ ವಿಧಾನ ಅದು. ಸಾಮಾನ್ಯ ರೋಗಿಗಳಲ್ಲಿ ಇವೆರಡರ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಹೋಲಿಕೆಯ ಅಧ್ಯಯನಗಳಲ್ಲಿ ಕಂಡಿಲ್ಲ. ಗಾಯದ ಸೋಂಕಿನಂಥ ತೊಂದರೆ ಮಾತ್ರ ಎರಡನೆಯದರಲ್ಲಿ ಹೆಚ್ಚು. ಆದ್ದರಿಂದ ಮೊದಲ ಸಲಕ್ಕೆ ಸರಳವಾದದ್ದೇ ಸಾಕು ಎಂಬುದು ನನ್ನ ನಿಲುವು. ಮೊಣಕೈ ಮಡಚಿದಾಗಲೆಲ್ಲ ನರ ಮೂಳೆಯ ಮೇಲಿಂದ ಟಕ್ಕನೆ ಜಾರುತ್ತಿದ್ದರೆ, ಮೊಣಕೈ ವಾಲಿಕೊಂಡಿದ್ದರೆ, ಹಿಂದಿನ ಆಪರೇಷನ್ ಫಲಿಸಿರದಿದ್ದರೆ ನರ ಸ್ಥಳಾಂತರಿಸಲು ಕಾರಣವಿದೆ. ನಿಮಗೆ ಯಾವುದು, ಏಕೆ ಎಂದು ಸರ್ಜನ್ ಒಂದೆರಡು ವಾಕ್ಯದಲ್ಲಿ ಹೇಳುವಂತಿರಬೇಕು.

ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಮೊದಲ ಕೆಲವು ದಿನ ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲಿಟ್ಟುಕೊಳ್ಳಿ, ಬೆರಳುಗಳನ್ನು ಅಂದಿನಿಂದಲೇ ಆಡಿಸುತ್ತಿರಿ. ನರ ಇದ್ದಲ್ಲೇ ಬಿಟ್ಟಿದ್ದರೆ ಮೊಣಕೈಯನ್ನೂ ಕೆಲವೇ ದಿನಗಳಲ್ಲಿ ಮೆಲ್ಲಗೆ ಮಡಚಿ ಬಿಡಿಸಲು ಹೇಳುತ್ತಾರೆ. ಹೆದರಿ ಕೈ ಕಟ್ಟಿಕೊಂಡು ಕೂತರೆ ಮೊಣಕೈ ಗಡುಸಾಗುತ್ತದೆ, ನರ ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಳ್ಳುತ್ತದೆ. ಸ್ನಾಯುವಿನಡಿ ಇಟ್ಟಿದ್ದರೆ ಎರಡು–ಮೂರು ವಾರ ಸ್ಪ್ಲಿಂಟ್ ಇರುತ್ತದೆ. ಹೊಲಿಗೆ ತೆಗೆಯುವುದು 10ರಿಂದ 14 ದಿನಕ್ಕೆ. ಕುಳಿತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಮರಳಬಹುದು. ಭಾರ ಎತ್ತಲು ಆರು ವಾರವಾದರೂ ಬೇಕು, ನರ ಸ್ಥಳಾಂತರಿಸಿದ್ದರೆ ಇನ್ನೂ ಹೆಚ್ಚು. ನೋವಿನ ಮಾತ್ರೆ ನಿಂತು, ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು ಥಟ್ಟನೆ ತಿರುಗಿಸಲು ಸಾಧ್ಯವಾಗುವ ತನಕ ಗಾಡಿ ಓಡಿಸಬೇಡಿ.

ಇಲ್ಲಿಂದ ಮುಂದೆ ತಾಳ್ಮೆ ಬೇಕಾಗುತ್ತದೆ. ಹೆಚ್ಚಿನವರಲ್ಲಿ ಮೊದಲು ಹೋಗುವುದು ರಾತ್ರಿಯ ಕಾಟ, ಕೆಲವರಿಗೆ ಮೊದಲ ವಾರದಲ್ಲೇ. ಬಂದುಹೋಗುತ್ತಿದ್ದ ಜೋಮು ಅದರ ಹಿಂದೆ. ಸದಾ ಇದ್ದ ಮರಗಟ್ಟುವಿಕೆ ತಿಂಗಳುಗಟ್ಟಲೆ ಇರುತ್ತದೆ. ಬಲ ಎಲ್ಲಕ್ಕಿಂತ ಕೊನೆಗೆ ಬರುತ್ತದೆ, ವರ್ಷ ದಾಟಿಯೂ ಸುಧಾರಣೆ ಮುಂದುವರಿಯಬಹುದು. ನಡುವೆ ಸತ್ತಂತಿದ್ದ ಬೆರಳಿನಲ್ಲಿ ಚುಳುಕು, ಉರಿ, ಕರೆಂಟ್ ಹೊಡೆದಂಥ ಅನುಭವ ಶುರುವಾಗಿ ಆಪರೇಷನ್ ಕೆಟ್ಟಿತೇನೋ ಎಂದು ಗಾಬರಿಯಾಗುವವರಿದ್ದಾರೆ. ಎಷ್ಟೋ ಸಲ ಅದು ನರ ಎಚ್ಚೆತ್ತ ಗುರುತು. ಸ್ಪರ್ಶ ಮರಳುವ ತನಕ ಬಿಸಿ ಪಾತ್ರೆ, ಚೂಪಾದ ಅಂಚುಗಳ ಬಗ್ಗೆ ಹುಷಾರಾಗಿರಿ, ಸುಟ್ಟರೂ ಕಿರುಬೆರಳಿಗೆ ಗೊತ್ತಾಗದೆ ಹೋಗಬಹುದು. ಗಾಯದ ಗುರುತಿನ ಮೇಲೆ ಮೊಣಕೈ ಊರಿದರೆ ಕೆಲವು ತಿಂಗಳು ನೋಯುತ್ತದೆ. ಸುತ್ತಲಿನ ಚರ್ಮದ ಒಂದು ಸಣ್ಣ ನರಕ್ಕೆ ಪೆಟ್ಟಾಗಿ ಅಲ್ಲಿ ಮರಗಟ್ಟುವುದೂ ಉಂಟು, ಇದು ಈ ಆಪರೇಷನ್‌ನ ತಿಳಿದಿರುವ ತೊಂದರೆ.

ಫಿಸಿಯೋಥೆರಪಿಯಲ್ಲಿ ನರ ಜಾರಿಸುವ ವ್ಯಾಯಾಮ ಹೇಳಿಕೊಡುತ್ತಾರೆ. ಅದು ಮೆಲ್ಲಗಿರಬೇಕು, ಜೋಮು ಏಳುವಷ್ಟು ಎಳೆದರೆ ಅಪಾಯ. ಪ್ರಗತಿ ತಿಳಿಯಲು ದಿನಾ ಬೆರಳು ಮುಟ್ಟಿ ನೋಡುತ್ತ ಕೂರಬೇಡಿ, ಕೊರಗು ಬಿಟ್ಟರೆ ಬೇರೇನೂ ಸಿಗುವುದಿಲ್ಲ. ತಿಂಗಳಿಗೊಮ್ಮೆ ಅದೇ ಬೀಗ, ಅದೇ ಗುಂಡಿ, ಅದೇ ಕಾಗದದ ಪರೀಕ್ಷೆ ಮಾಡಿ ಬರೆದಿಟ್ಟುಕೊಳ್ಳಿ. ಧೂಮಪಾನ ಇದ್ದರೆ ನಿಲ್ಲಿಸಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡಿ. ನರಕ್ಕೆ ರಕ್ತ ಚೆನ್ನಾಗಿ ತಲುಪಲು ಇವೆರಡೂ ಬೇಕು.

ಮೊದಲಿನಂತಾಗುತ್ತದೆಯೆ ಎಂದು ಕೇಳಿದ್ದೀರಿ. ಸ್ನಾಯು ಸವೆಯುವ ಮೊದಲು ಮಾಡಿಸಿಕೊಂಡ ಹೆಚ್ಚಿನವರಿಗೆ ಚೆನ್ನಾಗಿಯೇ ಆಗುತ್ತದೆ, ಕೆಲವರಿಗೆ ಬೆರಳ ತುದಿಯಲ್ಲಿ ಅಲ್ಪಸ್ವಲ್ಪ ಜೋಮು ಉಳಿಯುತ್ತದೆ. ಸ್ನಾಯು ಆಗಲೇ ಹೋಗಿದ್ದವರಲ್ಲಿ ಆಪರೇಷನ್‌ನ ಗುರಿ ಇನ್ನಷ್ಟು ಕೆಡದಂತೆ ತಡೆಯುವುದು. ಅಂಥವರಿಗೂ ದಾರಿ ಇದೆ: ಮಣಿಕಟ್ಟಿನ ಹತ್ತಿರ ಬೇರೊಂದು ನರದ ಕವಲನ್ನು ತಂದು ಜೋಡಿಸಿ ದೂರ ಕಡಿಮೆ ಮಾಡುವುದು, ಅಥವಾ ಗಟ್ಟಿಯಾಗಿರುವ ಇನ್ನೊಂದು ಸ್ನಾಯುವಿನ ಸ್ನಾಯುರಜ್ಜುವನ್ನು ಬಳಸಿ ಹಿಡಿತ ಕಟ್ಟಿಕೊಡುವುದು. ಇವೆಲ್ಲ ಕೈ ಶಸ್ತ್ರಚಿಕಿತ್ಸೆಯ ತಜ್ಞರು ಮಾಡುವ ಕೆಲಸ.

ಗಾಯ ಕೆಂಪೇರಿ ಕೀವು ಬಂದರೆ, ಜ್ವರ ಬಂದರೆ, ಆಪರೇಷನ್ ಆದ ಮೇಲೆ ಮೊದಲಿಗಿಂತ ಹೊಸದಾಗಿ ಬಲಹೀನತೆ ಕಂಡರೆ ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ಹೋಗಿ. ಆರು ತಿಂಗಳಾದರೂ ಯಾವುದರಲ್ಲೂ ಬದಲಾವಣೆ ಇಲ್ಲ ಎಂದಾದರೆ ಎನ್‌ಸಿಎಸ್ ಮತ್ತೆ ಮಾಡಿಸಿ, ಹಳೆಯ ವರದಿಯ ಪಕ್ಕದಲ್ಲಿಟ್ಟು ನೋಡುವಂತೆ ಕೇಳಿ.