121 ಪದ್ಯಕ್ಕೆ ಇಷ್ಟು ದಿನ ಯಾಕೆ?

ಪ್ರಶ್ನೆ: ಆರ್ಯಭಟ ಸಂಸ್ಕೃತದಲ್ಲಿ ಬರೆದ ಖಗೋಳ-ಗಣಿತ ಗ್ರಂಥ ಆರ್ಯಭಟೀಯದಲ್ಲಿ ಇರೋದು ಬರೀ 121 ಪದ್ಯ. ಸಂಸ್ಕೃತ ಬಲ್ಲವರು ಒಂದು ವಾರ ಕೂತರೆ ಕನ್ನಡಕ್ಕೆ ಬರುತ್ತೆ ಅಲ್ವಾ? ಅಚ್ಚು ಹಾಕೋಕೆ ಇಷ್ಟು ದಿನ ಯಾಕೆ ಬೇಕು?

ಉತ್ತರ: ಹಾಸನದಲ್ಲಿ ನಾವು ನಾಲ್ಕು ಜನ ಸೇರಿ ಈ ಕೆಲಸಕ್ಕೆ ಕೈಹಾಕಿದಾಗಿನಿಂದ ಇದನ್ನು ಕೇಳದವರೇ ಇಲ್ಲ. ಪದ್ಯ ಕಡಿಮೆ, ನಿಜ. ಆದರೆ ಅರ್ಥ ಬರೆಯುವ ಮುಂಚೆ ಮೂಲದಲ್ಲಿ ಯಾವ ಅಕ್ಷರ ಇತ್ತು ಅನ್ನೋದು ತೀರ್ಮಾನ ಆಗಬೇಕು. ದಿನ ಹಿಡಿಯುವುದು ಅಲ್ಲೇ.

ಒಂದು ಸಾಲು ನೋಡಿ: ‘ಪ್ರಾಣೇನೈತಿ ಕಲಾಂ ಭೂಃ’. ಪ್ರಾಣ ಅಂದರೆ ಒಂದು ಉಸಿರಿನ ಹೊತ್ತು, ಸುಮಾರು 4 ಸೆಕೆಂಡ್. ಕಲೆ ಅಂದರೆ ಒಂದು ಡಿಗ್ರಿಯಲ್ಲಿ 60ನೇ ಒಂದು ಪಾಲು. ಒಂದು ಉಸಿರಿಗೆ ಭೂಮಿ ಒಂದು ಕಲೆ ತಿರುಗುತ್ತದೆ ಅಂತ ಅರ್ಥ. ದಿನಕ್ಕೆ 21,600 ಪ್ರಾಣ, ಪೂರ್ತಿ ಸುತ್ತಿಗೆ 21,600 ಕಲೆ. ಲೆಕ್ಕ ಎಷ್ಟು ಚೆನ್ನಾಗಿ ಕೂಡಿಬರುತ್ತದೆ! ಆದರೆ ಹಳೆಯ ವ್ಯಾಖ್ಯಾನಕಾರರು ಇಲ್ಲಿ ‘ಭಂ’ ಅಂತ ಓದಿದ್ದಾರೆ. ‘ಭ’ ಅಂದರೆ ನಕ್ಷತ್ರ. ಒಂದೇ ಅಕ್ಷರ ಬದಲಾಗಿ ಭೂಮಿ ನಿಂತುಬಿಟ್ಟಿತು, ಆಕಾಶ ಸುತ್ತತೊಡಗಿತು.

‘ಭೂಃ’ ಸರಿ ಅನ್ನೋದಕ್ಕೆ ಸಾಕ್ಷಿ ಆರ್ಯಭಟನ ವಿರೋಧಿಯೇ. 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತ ಇದೇ ಸಾಲನ್ನು ‘ಭೂ’ ಅಂತಲೇ ಎತ್ತಿಕೊಂಡು, ಹಾಗಾದರೆ ಭೂಮಿ ಎಲ್ಲಿಗೆ, ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಕೇಳಿದ್ದಾನೆ. ಆರ್ಯಭಟೀಯದ ಕೊನೆಯ ಪಾದ, ಅಂದರೆ ಅಧ್ಯಾಯ, ಗೋಲಪಾದದ 9ನೇ ಪದ್ಯವೂ ಇದೆ: ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದಲ್ಲಿರುವುದೆಲ್ಲ ಹಿಂದೆ ಸರಿದಂತೆ ಕಾಣುತ್ತದೆ, ನಕ್ಷತ್ರಗಳೂ ಹಾಗೆಯೇ. ಗೊರೂರಿನ ಹಿನ್ನೀರಿನಲ್ಲಿ ತೆಪ್ಪ ಹತ್ತಿ ಶೆಟ್ಟಿಹಳ್ಳಿ ಚರ್ಚ್ ಕಡೆ ನೋಡಿದವರಿಗೆ ಇದಕ್ಕೆ ವಿವರಣೆಯೇ ಬೇಡ. ನಾವು ‘ಭೂಃ’, ‘ಭಂ’ ಎರಡೂ ಪಾಠಗಳನ್ನು ಒಂದೇ ಗಾತ್ರದ ಅಕ್ಷರದಲ್ಲಿ ಕೊಡುತ್ತಿದ್ದೇವೆ.

ಹೀಗೆ ಹೋಲಿಸಿ ನೋಡೋಕೆ, ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ 1874ರಲ್ಲಿ ಬಂದ ಆರ್ಯಭಟೀಯದ ಕೆರ್ನ್ ಅವರ ಮುದ್ರಣ, 1976ರ ಶುಕ್ಲ ಮತ್ತು ಶರ್ಮ ಅವರ ಆವೃತ್ತಿ ಸದಾ ಮೇಜಿನ ಮೇಲೆ ಇರುತ್ತವೆ.

ಇನ್ನು ಅಚ್ಚಿನ ಕಷ್ಟ. ಆರ್ಯಭಟ ಸಂಖ್ಯೆಗಳನ್ನು ಅಕ್ಷರದಲ್ಲೇ ಬರೆಯುತ್ತಾನೆ. ವ್ಯಂಜನ ಅಂಕಿ ಹೇಳುತ್ತದೆ (ಖ 2, ಘ 4, ಯ 30, ರ 40), ಸ್ವರ ಅದನ್ನು ಎಷ್ಟರಿಂದ ಗುಣಿಸಬೇಕು ಅಂತ ಹೇಳುತ್ತದೆ (ಅ 1, ಉ 10,000, ಋ 10,00,000). ಒಂದು ಯುಗದಲ್ಲಿ ಸೂರ್ಯನ ಸುತ್ತು ‘ಖ್ಯುಘೃ’. ಖು 20,000, ಯು 3,00,000, ಘೃ 40,00,000. ಕೂಡಿದರೆ 43,20,000. ನಮ್ಮ ಮೊದಲ ಪ್ರೂಫಿನಲ್ಲಿ ಫಾಂಟ್ ಬದಲಾಯಿಸುವಾಗ ‘ಘೃ’ ಹೋಗಿ ‘ಘ್ರ’ ಆಗಿತ್ತು. ಅವನ ಲೆಕ್ಕದಲ್ಲಿ ‘ಘ್ರ’ ಅಂದರೆ ಘ 4, ರ 40, ಬರೀ 44! ಓದುವಾಗ ನನ್ನ ಕಣ್ಣಿಗೆ ಬೀಳಲೇ ಇಲ್ಲ, ಕೂಡಿದಾಗಲೇ ಗೊತ್ತಾಗಿದ್ದು. ಎದೆ ಧಸಕ್ಕೆಂದಿತು.

ಅಂದಿನಿಂದ ಒಬ್ಬರು ಅಕ್ಷರ ಬಿಡಿಸಿ ಓದುತ್ತೇವೆ, ಇನ್ನೊಬ್ಬರು ಕಾಗದದ ಮೇಲೆ ಕೂಡುತ್ತೇವೆ. ಮೊದಲ ಪಾದದ 13 ಪದ್ಯ ಮುಗಿದಿವೆ. ಇನ್ನು 108 ಬಾಕಿ.