ಬೋಆಲ್ ಅವರ ಫೋರಂ ನಾಟಕ: ಪ್ರೇಕ್ಷಕರು ಯಾರ ಪಾತ್ರಕ್ಕೆ ಇಳಿಯಬೇಕು?

ಹುಡುಗರ ಗುಂಪು, ಮಹಿಳಾ ಸಂಘ, ಶಾಲೆಗಳ ಜೊತೆ ನಾಟಕ ಮಾಡಿಸುವ ಆಸೆ ಇರುವವರೆಲ್ಲ ಬ್ರೆಜಿಲ್‌ನ ಅಗಸ್ಟೊ ಬೋಆಲ್ ಅವರನ್ನು ಓದಲೇಬೇಕು. ಇಸವಿಗಳನ್ನು ಬೇಗ ಮುಗಿಸಿಬಿಡೋಣ. 1931ರಲ್ಲಿ ರಿಯೊದಲ್ಲಿ ಹುಟ್ಟು. ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. 1956ರಿಂದ ಸಾವೊ ಪೌಲೊದ ಅರೆನಾ ಥಿಯೇಟರ್‌ನಲ್ಲಿ ನಿರ್ದೇಶಕ. 1964ರಲ್ಲಿ ಸೇನೆ ಅಧಿಕಾರ ಹಿಡಿಯಿತು. 1971ರಲ್ಲಿ ಬಂಧನ, ಚಿತ್ರಹಿಂಸೆ, ಆಮೇಲೆ ದೇಶಾಂತರ. 1986ರಲ್ಲಿ ರಿಯೊಗೆ ವಾಪಸ್. 2009ರಲ್ಲಿ ತೀರಿಕೊಂಡರು.

ಅವರ ದಾರಿ ಬದಲಾಗಿದ್ದು ಎರಡು ಘಟನೆಗಳಿಂದ. ಎರಡನ್ನೂ ಅವರೇ ಹೇಳಿಕೊಂಡಿದ್ದಾರೆ.

ಈಶಾನ್ಯ ಬ್ರೆಜಿಲ್‌ನ ಹಳ್ಳಿಯೊಂದರಲ್ಲಿ ಅವರ ತಂಡ ಬಂದೂಕು ಎತ್ತಿ, ಭೂಮಿಗಾಗಿ ರಕ್ತ ಕೊಡೋಣ ಎಂದು ಹಾಡಿತು. ನಾಟಕ ಮುಗಿದ ಮೇಲೆ ಒಬ್ಬ ರೈತ ಬಂದು, ಹಾಗಾದ್ರೆ ನಡೀರಿ, ಜಮೀನ್ದಾರನ ಆಳುಗಳ ಮೇಲೆ ಹೋಗೋಣ ಎಂದ. ಇವು ನಾಟಕದ ಬಂದೂಕು ಎಂದರು ನಟರು. ನಮ್ಮ ಹತ್ರ ನಿಜವಾದವು ಇವೆ, ನೀವು ಬನ್ನಿ ಸಾಕು ಎಂದ ರೈತ. ನಟರು ಹಿಂದೆ ಸರಿದರು. ತಾವು ಹೊರದ ಅಪಾಯವನ್ನು ಜನರ ತಲೆಗೆ ಕಟ್ಟುವ ನಾಟಕವನ್ನು ಬೋಆಲ್ ಅಲ್ಲಿಗೇ ಬಿಟ್ಟರು.

ಎರಡನೆಯದು 1973ರದ್ದು, ಪೆರು ದೇಶದ ಅಕ್ಷರ ಕಲಿಕೆ ಕಾರ್ಯಕ್ರಮದಲ್ಲಿ. ಗಂಡನಿಂದ ಮೋಸಹೋದ ಹೆಂಗಸಿನ ಕಥೆ. ಅವಳಿಗೆ ಓದು ಬಾರದು. ಮನೆ ಕಟ್ಟುವ ಲೆಕ್ಕದ ಕಾಗದ ಎಂದು ಅವನು ಇಡಲು ಕೊಟ್ಟಿದ್ದು ಬೇರೊಬ್ಬಳು ಅವನಿಗೆ ಬರೆದ ಪ್ರೇಮಪತ್ರಗಳು! ಆಗಿನ ಪದ್ಧತಿ ಹೀಗಿತ್ತು: ಪ್ರೇಕ್ಷಕರು ಸಲಹೆ ಕೊಡುವುದು, ನಟರು ಅದನ್ನು ಆಡಿ ತೋರಿಸುವುದು. ಅವನಿಗೆ ಸರಿಯಾಗಿ ಮಾತಾಡಬೇಕು ಎಂದಳು ಒಬ್ಬ ದಪ್ಪನೆಯ ಹೆಂಗಸು. ನಟರು ಎಷ್ಟು ಸಲ ಆಡಿದರೂ ಅವಳಿಗೆ ತೃಪ್ತಿ ಇಲ್ಲ. ಕೊನೆಗೆ ಬೋಆಲ್ ಅವಳನ್ನೇ ರಂಗಕ್ಕೆ ಕರೆದರು. ಅವಳು ಪೊರಕೆ ಹಿಡಿದು ಗಂಡನ ಪಾತ್ರಧಾರಿಗೆ ಬಾರಿಸಿದಳು. ಪ್ರೇಕ್ಷಕರೇ ರಂಗಕ್ಕೆ ಇಳಿದು ಆಡುವ ಫೋರಂ ನಾಟಕ ಹುಟ್ಟಿದ್ದು ಹೀಗೆ.

ಈಗ ನನಗೆ ಅರ್ಥವಾಗಲು ತುಂಬಾ ಹೊತ್ತು ಹಿಡಿದ ಜಾಗ. ಫೋರಂನಲ್ಲಿ ಸಣ್ಣ ನಾಟಕ ಒಮ್ಮೆ ಪೂರ್ತಿ ನಡೆಯುತ್ತದೆ, ಸೋಲಿನಲ್ಲೇ ಮುಗಿಯುತ್ತದೆ. ಮತ್ತೆ ಮೊದಲಿಂದ ಶುರು. ಪ್ರೇಕ್ಷಕರು ‘ನಿಲ್ಲಿಸಿ’ ಎಂದು ಕೂಗಿ ಪಾತ್ರದ ಜಾಗಕ್ಕೆ ಬರಬಹುದು. ಯಾರ ಜಾಗಕ್ಕೆ? ತುಳಿತಕ್ಕೆ ಒಳಗಾದವರ ಜಾಗಕ್ಕೆ. ತುಳಿಯುವವರ ಜಾಗಕ್ಕಲ್ಲ. ಯಾಕೆ ಅಂತ ಒಂದು ಉದಾಹರಣೆ ಆಡಿಸಿ ನೋಡಿ.

ಪಿಯುಸಿ ಮುಗಿಸಿದ ಹುಡುಗಿಗೆ ಮುಂದೆ ಓದಬೇಕು. ಅಪ್ಪ ಗಂಡು ನೋಡಿದ್ದಾನೆ. ಅಣ್ಣ ಅಪ್ಪನ ಕಡೆ. ಅಮ್ಮ ಬಾಯಿ ಬಿಡುವುದಿಲ್ಲ. ಪ್ರೇಕ್ಷಕರಲ್ಲಿ ಒಬ್ಬ ಬಂದು ಅಪ್ಪನಾಗಿ ನಿಂತು, ಆಯ್ತಮ್ಮ, ಓದು ಅಂದ ಅಂದ್ಕೊಳ್ಳಿ. ಚಪ್ಪಾಳೆ ಬರುತ್ತದೆ, ನಾಟಕವೂ ಮುಗಿಯುತ್ತದೆ. ಆದರೆ ಸಭೆಯಲ್ಲಿ ಕೂತ ಅಂಥ ಹುಡುಗಿ ಮನೆಗೆ ಹೋದರೆ ಅಲ್ಲಿರುವುದು ಹಳೇ ಅಪ್ಪನೇ ಅಲ್ವಾ? ಅವಳಿಗೆ ಏನೂ ಸಿಗಲಿಲ್ಲ. ಇಂಥದ್ದನ್ನು ಬೋಆಲ್ ‘ಮ್ಯಾಜಿಕ್’ ಎನ್ನುತ್ತಾರೆ. ಅದೇ ಪ್ರೇಕ್ಷಕ ಹುಡುಗಿಯ ಜಾಗಕ್ಕೆ ಬಂದರೆ? ಎದುರಿಗೆ ಅದೇ ಗಟ್ಟಿ ಅಪ್ಪ. ಅಳಬಹುದು, ವಾದ ಮಾಡಬಹುದು, ಸೋದರಮಾವನನ್ನು ಕರೆತರಬಹುದು, ಸ್ಕಾಲರ್‌ಶಿಪ್ ಅರ್ಜಿ ಮುಂದಿಡಬಹುದು. ಯಾವುದು ನಡೆಯುತ್ತೆ, ಯಾವುದು ನಡೆಯಲ್ಲ ಎಂದು ಎಲ್ಲರೂ ಕಣ್ಣಾರೆ ನೋಡುತ್ತಾರೆ. ಅಪ್ಪನ ಪಾತ್ರದ ನಟ ಸುಮ್ನೆ ಸೋಲಬಾರದು. ನಿಜವಾದ ಅಪ್ಪ ಎಲ್ಲಿ ಸಡಿಲವಾಗುತ್ತಾನೋ ಅಲ್ಲಿ ಮಾತ್ರ ಸಡಿಲವಾಗಬೇಕು. ನನ್ನ ಪ್ರಕಾರ ಅತಿ ಕಷ್ಟದ ಪಾತ್ರ ಅದೇ.

ಅಮ್ಮನ ಜಾಗ? ಬರಬಹುದು. ಅವಳೂ ಅದೇ ಮನೆಯಲ್ಲಿ ಬಾಯಿ ಕಟ್ಟಿಸಿಕೊಂಡವಳು, ಮಗಳ ಜೊತೆ ನಿಲ್ಲಬಲ್ಲವಳು.

ಇದನ್ನೆಲ್ಲ ನಡೆಸುವವನನ್ನು ಜೋಕರ್ ಎನ್ನುತ್ತಾರೆ. ಅವನು ತೀರ್ಪು ಕೊಡುವಂತಿಲ್ಲ, ಕೇಳಬೇಕು ಅಷ್ಟೇ: ಇದು ನಿಮ್ಮೂರಲ್ಲಿ ಆಗುತ್ತಾ?

ಇದು ಕಾನೂನಿನವರೆಗೂ ಹೋಯಿತು. 1992ರಲ್ಲಿ ಬೋಆಲ್ ರಿಯೊ ನಗರಸಭೆಗೆ ಆಯ್ಕೆಯಾದರು. ಫೋರಂಗಳಲ್ಲಿ ಜನ ತೋರಿಸಿದ ದಾರಿಗಳನ್ನು ಮಸೂದೆ ಮಾಡಿ ಮಂಡಿಸಿದರು. ಅದರಲ್ಲಿ 13 ಕಾನೂನುಗಳಾದವು. ಭಾರತದಲ್ಲಿ ಇದೇ ದಾರಿಯನ್ನು ಹತ್ತಿರದಿಂದ ನೋಡಬೇಕಾದರೆ ಪಶ್ಚಿಮ ಬಂಗಾಳದ ಜನ ಸಂಸ್ಕೃತಿ ತಂಡ ಇದೆ. 1985ರಲ್ಲಿ ಶುರುವಾದ ಈ ತಂಡ ಹಳ್ಳಿಗಳಲ್ಲಿ ಫೋರಂ ನಾಟಕ ಆಡುತ್ತಾ ಬಂದಿದೆ.