ಫರ್ಗಿ ಟೈಮ್ ಅಂದ್ರೇನು?

ಇಂಗ್ಲೆಂಡ್‌ನ ಫುಟ್ಬಾಲ್ ಲೀಗ್ ಆದ ಪ್ರೀಮಿಯರ್ ಲೀಗ್ ನೋಡೋರು 'ಫರ್ಗಿ ಟೈಮ್' ಅನ್ನೋ ಮಾತು ಕೇಳೇ ಇರ್ತೀರ. 90 ನಿಮಿಷ ಮುಗಿದ್ರೂ ದೊಡ್ಡ ಟೀಮ್ ಗೋಲ್ ಹೊಡೆಯೋ ತನಕ ರೆಫರಿ ಸೀಟಿ ಊದಲೇ ಇಲ್ಲ ಅನ್ನಿಸಿದಾಗ, ಸೋತ ಕಡೆಯವ್ರು ಹೊಟ್ಟೆ ಉರ್ಕೊಂಡು ಹೇಳೋ ಮಾತು ಅದು. ಫರ್ಗಿ ಅಂದ್ರೆ 1986ರಿಂದ 2013ರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾನೇಜರ್ ಆಗಿದ್ದ ಸರ್ ಅಲೆಕ್ಸ್ ಫರ್ಗ್ಯುಸನ್. ಟೀಮ್ ಹಿಂದೆ ಬಿದ್ದಿದ್ರೆ ಲೈನ್ ಪಕ್ಕ ನಿಂತ್ಕೊಂಡು ವಾಚ್ ತಟ್ಟಿ ತಟ್ಟಿ ತೋರಿಸೋರು.

ನಾಕೌಟ್‌ನಲ್ಲಿ ಆಡಿಸ್ತಾರಲ್ಲ 30 ನಿಮಿಷದ ಎಕ್ಸ್‌ಟ್ರಾ ಟೈಮ್, ಇದು ಅದಲ್ಲ, ತುಂಬಾ ಜನ ಎರಡನ್ನೂ ಕಲಸಿಬಿಡ್ತಾರೆ. ಇದು ಇಂಜುರಿ ಟೈಮ್, ಗಾಯ, ಸಬ್‌ಸ್ಟಿಟ್ಯೂಷನ್, ಬೇಕಂತ ತಡ ಮಾಡಿದ್ದು ಇದಕ್ಕೆಲ್ಲ ಹೋದ ಟೈಮ್ ವಾಪಸ್ ಕೊಡೋದು. ಬೋರ್ಡಲ್ಲಿ ತೋರಿಸೋದು ಕನಿಷ್ಠ ಇಷ್ಟು ಅಂತ ಮಾತ್ರ, ಅದರ ಮೇಲೆ ಎಷ್ಟು ಆಡಿಸ್ಬೇಕು ಅನ್ನೋದು ರೆಫರಿಗೆ ಬಿಟ್ಟಿದ್ದು. ಅನುಮಾನ ಹುಟ್ಟೋದೇ ಅಲ್ಲಿ.

ಈ ಮಾತು ಬಂದಾಗೆಲ್ಲ ಎಲ್ರೂ ನೆನೆಸ್ಕೊಳೋದು 1993ರ ಏಪ್ರಿಲ್ 10. ಯುನೈಟೆಡ್‌ನ ಸ್ವಂತ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ 1-0 ಮುಂದಿತ್ತು, ಕೊನೇಲಿ ಯುನೈಟೆಡ್‌ನ ಸ್ಟೀವ್ ಬ್ರೂಸ್ ಎರಡು ಹೆಡರ್ ಹೊಡೆದು ಗೆಲ್ಲಿಸಿಬಿಟ್ರು, ಎರಡನೇದು ಇಂಜುರಿ ಟೈಮ್ ಶುರುವಾಗಿ ಐದು ನಿಮಿಷಾನೂ ದಾಟಿದ ಮೇಲೆ. ಆದ್ರೆ ನ್ಯಾಯವಾಗಿ ಹೇಳ್ಬೇಕಂದ್ರೆ ಆವತ್ತು ರೆಫರಿಗೇ ಗಾಯ ಆಗಿ ಬೇರೆಯವ್ರು ಬರ್ಬೇಕಾಗಿತ್ತು, ಟೈಮ್ ಜಾಸ್ತಿ ಕೊಟ್ಟಿದ್ದಕ್ಕೆ ಸರಿಯಾದ ಕಾರಣ ಇತ್ತು. ಇನ್ನೊಂದು 2009ರ ಸೆಪ್ಟೆಂಬರ್‌ನ ಡರ್ಬಿ, ಅಂದ್ರೆ ಒಂದೇ ಊರಿನ ಮ್ಯಾಂಚೆಸ್ಟರ್ ಸಿಟಿ ಜೊತೆಗಿನ ಮ್ಯಾಚ್, ಬೋರ್ಡಲ್ಲಿ ತೋರಿಸಿದ್ದು 4 ನಿಮಿಷ, ಮೈಕಲ್ ಓವನ್ ಗೋಲ್ ಬಂದಿದ್ದು 96ನೇ ನಿಮಿಷದಲ್ಲಿ, ಯುನೈಟೆಡ್ 4 ಸಿಟಿ 3. ಸಿಟಿಯವ್ರಿಗೆ ಅದು ಇವತ್ತಿಗೂ ಮರೆತಿರಲ್ಲ.

ಹಾಗಾದ್ರೆ ರೆಫರಿಗಳು ದುಡ್ಡು ತಿಂದಿದ್ರಾ? ನಾನು ಹಾಗೆ ನಂಬಲ್ಲ. ಒಬ್ಬ ಫರ್ಗ್ಯುಸನ್ ಮೇಲೆ ಹಾಕೋದೂ ತಪ್ಪೇ, ಯಾಕಂದ್ರೆ ಸ್ಪೇನ್‌ನ ಲೀಗ್ ಮ್ಯಾಚ್‌ಗಳನ್ನ ಇಟ್ಕೊಂಡು ಅರ್ಥಶಾಸ್ತ್ರಜ್ಞರು ಮಾಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಾಣ್ಸಿತ್ತು, ಹೋಮ್ ಟೀಮ್ ಒಂದು ಗೋಲ್ ಹಿಂದಿದ್ರೆ ಸಿಗೋ ಟೈಮು, ಒಂದು ಗೋಲ್ ಮುಂದಿದ್ದಾಗ ಸಿಗೋದಕ್ಕಿಂತ ಹತ್ರ ಹತ್ರ ಎರಡರಷ್ಟು. ಮುಂದಿರೋರು ಟೈಮ್ ವೇಸ್ಟ್ ಮಾಡ್ತಾರೆ, ಅದಕ್ಕೇ ಜಾಸ್ತಿ ಕೊಡ್ತಾರೆ ಅಂತೀರಾ? ಹಾಗಿದ್ರೆ ಹೋಮ್ ಟೀಮ್ ಮುಂದಿದ್ದು ಅವ್ರೇ ತಡ ಮಾಡಿದಾಗ ಹೊರಗಿಂದ ಬಂದವ್ರಿಗೂ ಅಷ್ಟೇ ಸಿಗ್ಬೇಕಿತ್ತು, ಸಿಗ್ತಿರ್ಲಿಲ್ಲ.

ಕಾರಣ ಬಹುಶಃ ಜನರ ಗಲಾಟೆ. ಇಂಗ್ಲೆಂಡ್‌ನಲ್ಲಿ ರೆಫರಿಗಳಿಗೆ ಒಂದೇ ಮ್ಯಾಚ್‌ನ ಟ್ಯಾಕಲ್‌ಗಳನ್ನ ಕೆಲವ್ರಿಗೆ ಶಬ್ದದ ಜೊತೆ, ಕೆಲವ್ರಿಗೆ ಶಬ್ದ ಇಲ್ದೆ ತೋರಿಸಿದಾಗ, ಶಬ್ದ ಕೇಳಿಸಿಕೊಂಡವ್ರು ಹೋಮ್ ಟೀಮ್ ಮೇಲೆ ಕಡಿಮೆ ಫೌಲ್ ಕೊಟ್ರು. ಇದು ಹೋಮ್ ಟೀಮ್ ಲೆಕ್ಕ, ದೊಡ್ಡ ಕ್ಲಬ್ ಲೆಕ್ಕ ಅಲ್ಲ, ನಿಜ. ಆದ್ರೆ ಮುಕ್ಕಾಲು ಲಕ್ಷ ಜನ ಒಟ್ಟಿಗೆ ಕೂಗೋ ಓಲ್ಡ್ ಟ್ರಾಫರ್ಡೂ, ಹತ್ತು ಸಾವಿರದ ಸಣ್ಣ ಸ್ಟೇಡಿಯಮ್ಮೂ ರೆಫರಿ ಕಿವಿಗೆ ಒಂದೇನಾ? ಹೀಗೆ ಗೊತ್ತಿಲ್ದಂಗೆ ವಾಲೋದು ಸಣ್ಣ ಕ್ಲಬ್‌ಗಳಿಗೆ ನಿಜವಾಗ್ಲೂ ಅನ್ಯಾಯ, ಒಂದು ಪಾಯಿಂಟ್‌ನಲ್ಲಿ ಕೆಳಗಿನ ಡಿವಿಷನ್‌ಗೆ ಬೀಳೋದು ಅವ್ರೇ ತಾನೆ.

ಒಳಾಂಗಣದಲ್ಲಿ ಐದೈದು ಜನ ಆಡೋ ಫುಟ್ಬಾಲ್ ಇದ್ಯಲ್ಲ ಫುಟ್ಸಾಲ್, ಅದರಲ್ಲಿ ಬಾಲ್ ಹೊರಗೆ ಹೋದ್ರೆ ಗಡಿಯಾರಾನೇ ನಿಲ್ಲಿಸ್ತಾರೆ, ಅದನ್ನ ನೋಡ್ಕೊಳೋಕೆ ಬೇರೆಯವ್ರೇ ಇರ್ತಾರೆ. ದೊಡ್ಡ ಫುಟ್ಬಾಲ್‌ಗೂ ಅದನ್ನೇ ತರ್ಬೇಕು ಅನ್ನೋದು ನನ್ನ ಅಭಿಪ್ರಾಯ.